ಎಡಗೈ ರೈಫಲ್ಲಿನ ಖರ್ಚುವೆಚ್ಚ

ನಮ್ಮ ಮನೆಯ ತಾರಸಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಸೋಲಾರ್ ಹೀಟರ್ ಅಲ್ಲ, ಅವ್ವ ಬೆಳೆಸಿರುವ ದೊಡ್ಡಪತ್ರೆಯೂ ಅಲ್ಲ. ಬಟ್ಟೆ ಒಣಹಾಕುವ ಹಗ್ಗ ಜೋತುಬೀಳದಿರಲೆಂದು ನಡುವೆ ಊರುಗೋಲಾಗಿ ನಿಂತಿರುವ ಒಂದು ಪಿವಿಸಿ ಪೈಪು. ಅದರ ಒಂದು ತುದಿಗೆ ಮೊಣಕೈಯಂತೆ ಬಾಗಿದ ಎಲ್ಬೋ, ಎಲ್ಬೋಗೆ ಸಿಕ್ಕಿಸಿದ ಚಿಕ್ಕದೊಂದು ತುಂಡು, ಅಲ್ಲಿಂದ ಮುಂದೆ ಮೂರು ಬಾಯಿಯ ಒಂದು ಟೀ, ಟೀಗೆ ಒಂದು ನಲ್ಲಿ. ನೀರು ಬರುವ ಕಡೆಯೂ ಇಲ್ಲ, ಹೋಗುವ ಕಡೆಯೂ ಇಲ್ಲ. ಪ್ಲಂಬರ್ ಕೆಲಸ ಅರ್ಧಕ್ಕೇ ಬಿಟ್ಟು ಹೋದನಾ ಎಂದು ಪಕ್ಕದ ಮನೆಯವರು ಕೇಳುತ್ತಾರೆ. ಇದು ನನ್ನ ರೈಫಲ್ಲಿನ ಅಳತೆ ಬ್ಲೌಸು ಎನ್ನುತ್ತೇನೆ. ಅವರು ನಕ್ಕು ಕೆಳಗೆ ಇಳಿಯುತ್ತಾರೆ. ಮೇಡಂಗೆ ರಿಟೈರ್‌ಮೆಂಟ್ ಹತ್ತಿರ ಬಂತು, ಪಾಪ, ಎಂಬ ಅರ್ಥದ ನಗು ಅದು.

ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ದರ್ಜಿಯ ಹತ್ತಿರ ಹೋಗಿ ಟೇಪು ಹಿಡಿಸಿಕೊಂಡು ಅಳತೆ ಕೊಡುವ ಹೆಣ್ಣುಮಕ್ಕಳು ನಮ್ಮಲ್ಲಿ ಎಷ್ಟು ಜನ ಇದ್ದಾರು? ಸರಿಯಾಗಿ ಕೂರುವ ಹಳೆಯದೊಂದು ಬ್ಲೌಸನ್ನು ಸುತ್ತಿ ಕೊಟ್ಟು, "ಇದರ ಹಾಗೇ ಇರಲಿ, ತೋಳು ಮಾತ್ರ ಅರ್ಧ ಇಂಚು ಸಡಿಲ" ಎಂದು ಬರುತ್ತೇವೆ. ನನ್ನ ರೈಫಲ್ಲಿಗೂ ಹಾಗೇ ಆಯಿತು. ಅಳತೆಗೆ ಕೊಡಲು ಹಳೆಯ ರೈಫಲ್ಲು ಇರಲಿಲ್ಲವಾದ್ದರಿಂದ ನಮ್ಮ ಮನೆಯವರು ಅಂಗಡಿಯಿಂದ ಪೈಪು ತಂದರು.

ನಮ್ಮ ಮನೆಯವರಿಗೆ ಮಾಗಡಿ ರಸ್ತೆಯಲ್ಲಿ ಸ್ಯಾನಿಟರಿ ಸಾಮಾನಿನ ಅಂಗಡಿ ಇದೆ. ನಾನು ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ವಿಜಯನಗರದಲ್ಲಿ, ಹೊಸಹಳ್ಳಿ ಮೆಟ್ರೋ ಹತ್ತಿರ. ಮೂರನೆಯವಳು ಅವ್ವ, ನನ್ನ ತಾಯಿ. ದಾವಣಗೆರೆಯಿಂದ ಬಂದು ನಮ್ಮ ಜೊತೆ ಇರಲು ಶುರುಮಾಡಿ ಬಹಳ ವರ್ಷವಾಯಿತು, ಆದರೂ ಈ ಊರಿನ ಬೆಲೆಗಳ ಜೊತೆ ಅವಳಿಗೆ ಇನ್ನೂ ರಾಜಿಯಾಗಿಲ್ಲ. ಕೊತ್ತಂಬರಿ ಕಟ್ಟಿನಿಂದ ಹಿಡಿದು ಆಸ್ಪತ್ರೆಯ ಬಿಲ್ಲಿನವರೆಗೆ ಅವಳದ್ದು ಒಂದೇ ತೀರ್ಪು: "ತುಟ್ಟಿ ಆತು." ಹಾಗಾಗಿ ನಮ್ಮ ಮನೆಯಲ್ಲಿ ಪ್ರತಿ ವಸ್ತುವಿಗೂ ಎರಡು ಬೆಲೆ. ಒಂದು ಅಂಗಡಿಯವನು ತೆಗೆದುಕೊಂಡದ್ದು, ಇನ್ನೊಂದು ಅವ್ವನಿಗೆ ಹೇಳುವುದು. ಎರಡನೆಯದಕ್ಕೆ ನಾನು ತವರಿನ ದರ ಎಂದು ಹೆಸರಿಟ್ಟಿದ್ದೇನೆ. ನಿಮ್ಮ ಮನೆಯಲ್ಲೂ ಅದು ಇರುತ್ತದೆ, ಹೆಸರು ಇಟ್ಟಿರಲಿಕ್ಕಿಲ್ಲ ಅಷ್ಟೇ. ಮೂರು ಸಾವಿರದ ಸೀರೆ ಅಲ್ಲಿ ಒಂಬೈನೂರಾಗುತ್ತದೆ. ಅದಕ್ಕೂ ಅವ್ವ "ತುಟ್ಟಿ ಆತು" ಎನ್ನುತ್ತಾಳೆ ಎನ್ನುವುದು ಬೇರೆ ಮಾತು.

ಹೈಸ್ಕೂಲು ಟೀಚರಿಗೆ ರೈಫಲ್ಲು ಯಾಕೆ ಎಂದು ನೀವು ಕೇಳಬೇಕಿತ್ತು. ವಿಜಯನಗರದಲ್ಲಿ ಯಾರೂ ಹಾಗೆ ಕೇಳಲಿಲ್ಲ. ಎಲ್ಲರೂ "ಎಷ್ಟಾಯ್ತು?" ಎಂದರು. ಬೆಲೆ ಗೊತ್ತಾದರೆ ಕಾರಣ ತಾನಾಗಿ ಗೊತ್ತಾಗುತ್ತದೆ ಎಂಬ ನಂಬಿಕೆ ಇರಬೇಕು. ನಾನು ಕಾರಣವನ್ನೇ ಮೊದಲು ಹೇಳುತ್ತೇನೆ. ನಾನು ಎಡಚಿ.

ಹುಟ್ಟು ಎಡಚಿ. ಬಾಲ್ಯದಲ್ಲಿ ಇದೊಂದು ಕಾಯಿಲೆ, ಮದ್ದು ಮಾಡಿದರೆ ವಾಸಿಯಾಗುತ್ತದೆ ಎಂದು ಅವ್ವ ನಂಬಿದ್ದಳು. ಎಡಗೈಯಲ್ಲಿ ಉಪ್ಪು ಕೊಟ್ಟರೆ ಏಟು, ಚಿಲ್ಲರೆ ಕೊಟ್ಟರೆ ಏಟು, ಬಳಪ ಹಿಡಿದರೆ ಶಾಲೆಯಲ್ಲೊಂದು, ಆ ಸುದ್ದಿ ಮುಟ್ಟಿದ ಮೇಲೆ ಮನೆಯಲ್ಲೊಂದು. ಏಟಿಗೆ ಬಗ್ಗದಿದ್ದಾಗ ಅವ್ವ ಇನ್ನೊಂದು ಉಪಾಯ ಮಾಡಿದಳು. ನನ್ನ ಎಡ ಅಂಗೈಗೆ ಹಳೆಯ ಪಂಚೆಯ ಬಟ್ಟೆ ಸುತ್ತಿ ಗಂಟು ಹಾಕಿಬಿಟ್ಟಳು. ಕಂಡವರೆಲ್ಲ ಏನಾಯಿತು ಮಗಾ ಎಂದು ಕೇಳುವರು. ಎಡಚಿ ಎಂದು ಹೇಳಲು ನಾಚಿಕೆಯಾಗಿ ನಾನು ಒಂದು ದಿನ ಚೇಳು ಕಡಿಯಿತು ಎಂದೆ, ಮರುದಿನ ನಾಯಿ ಎಂದೆ, ಆಮೇಲೆ ಬಿಸಿ ಬಾಣಲೆ. ಕೊನೆಗೆ ಬೀದಿಯ ಹೆಂಗಸರು ಒಟ್ಟಾಗಿ ಬಂದು, ಮಗೂನ ಹೀಗಾ ನೋಡಿಕೊಳ್ಳೋದು ಎಂದು ಅವ್ವನನ್ನೇ ದಬಾಯಿಸಿ ಹೋದರು. ಬಟ್ಟೆ ಅವತ್ತೇ ಬಿಚ್ಚಿತು, ಆದರೆ ಸಿಟ್ಟಿಗೆ ಏಟು ಎರಡರಷ್ಟಾಯಿತು.

ಒಮ್ಮೆ ಮನೆಗೆ ಪಾದಪೂಜೆಗೆ ಅಯ್ಯನವರು ಬಂದಿದ್ದರು. ಇಷ್ಟಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡು ಪೂಜೆ ಮಾಡುತ್ತಿದ್ದುದನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಪೂಜೆ ಮುಗಿದದ್ದೇ ಎದುರು ಹೋಗಿ ನಿಂತು, ದೇವರು ಎಡಗೈ ಮೇಲೆ ಕೂರಬಹುದು, ನಾನು ಎಡಗೈಯಲ್ಲಿ ಯಾಕೆ ಬರೆಯಬಾರದು ಎಂದು ಕೇಳಿದೆ. ಅಯ್ಯನವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನನ್ನ ತಲೆ ಸವರಿದರು, ಆದರೆ ಉತ್ತರ ಹೇಳಲಿಲ್ಲ. ಅವರು ಬೀದಿ ದಾಟುವವರೆಗೆ ಅವ್ವನೂ ನಗುತ್ತಲೇ ಇದ್ದಳು. ದಾಟಿದ ಮೇಲೆ ಅವಳು ಉತ್ತರ ಹೇಳಿದಳು, ಬೆನ್ನಿನ ಮೇಲೆ.

ಹೀಗೆ ನಾನು ವಾಸಿಯಾದೆ. ಬರೆಯುವುದು, ಉಣ್ಣುವುದು, ಅಕ್ಷತೆ ಹಾಕುವುದು ಎಲ್ಲ ಬಲಗೈಗೆ ಬಂತು. ಎಡಗೈ ತಲೆಮರೆಸಿಕೊಂಡು ಬದುಕಿತು. ತರಕಾರಿ ಹೆಚ್ಚುವಾಗ, ಗುಂಡಿ ಹಾಕಿಕೊಳ್ಳುವಾಗ, ಮಕ್ಕಳು ತಲೆ ತಗ್ಗಿಸಿ ಲೆಕ್ಕ ಬರೆಯುತ್ತಿರುವಾಗ ಬೋರ್ಡ್ ಒರೆಸುವ ಹೊತ್ತಿಗೆ ಅದು ಕಳ್ಳನ ಹಾಗೆ ಹೊರಗೆ ಬರುತ್ತಿತ್ತು.

ಕೆಲವು ವರ್ಷದ ಹಿಂದೆ ಶಾಲೆಯ ಮಕ್ಕಳನ್ನು ಉಲ್ಲಾಳದ ಆಚೆಯ ಒಂದು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಪಿ.ಟಿ. ಮೇಷ್ಟ್ರಿಗೆ ಅವತ್ತು ಕಾಲುನೋವು, ನನಗೆ ಎರಡು ಪೀರಿಯಡ್ ಬಿಡುವು. ಅಲ್ಲಿ ಸೈನ್ಯದಿಂದ ನಿವೃತ್ತರಾದ ಕೋಚ್ ಒಬ್ಬರಿದ್ದರು. ಎಲ್ಲರೂ ಸುಬೇದಾರ್ ಸಾರ್ ಎನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಮಕ್ಕಳದ್ದೆಲ್ಲ ಮುಗಿದ ಮೇಲೆ, ಮೇಡಂ ನೀವೂ ಒಂದು ಕೈ ನೋಡಿ ಎಂದು ಮರ್ಯಾದೆಗೆ ಕರೆದರು. ಅವರು ಹೇಳಿಕೊಟ್ಟಂತೆ ನಾನು ಬಂದೂಕನ್ನು ಬಲ ಹೆಗಲಿಗೆ ಆನಿಸಿಕೊಂಡು ಹೊಡೆದೆ. ನನ್ನ ಗುರಿಹಾಳೆಗೆ ಏನೂ ಆಗಲಿಲ್ಲ. ಪಕ್ಕದ ಹಾಳೆಯ ಹುಡುಗಿಗೆ ಮಾತ್ರ ಒಂದು ಗುಂಡು ಹೆಚ್ಚಾಗಿ ಬಂದಿತ್ತು.

ಸುಬೇದಾರ್ ಸಾರ್ ನಗಲಿಲ್ಲ. ಎರಡೂ ಅಂಗೈ ಚಾಚಿ ನಡುವೆ ಸಣ್ಣ ಕಿಂಡಿ ಮಾಡಿ ಗೋಡೆಯ ಬಲ್ಬು ನೋಡಲು ಹೇಳಿದರು. ಒಂದು ಕಣ್ಣು ಮುಚ್ಚಿಸಿದರು, ಇನ್ನೊಂದು ಮುಚ್ಚಿಸಿದರು. ಆಮೇಲೆ, "ಮೇಡಂ, ನಿಮ್ಮ ಕಣ್ಣೂ ಎಡದ್ದೇ. ಎಡಗೈಲಿ ಹಿಡೀರಿ" ಎಂದರು.

ಎಡಗೈಲಿ ಹಿಡೀರಿ. ಐವತ್ತು ಸಮೀಪಿಸಿದ ಜೀವಕ್ಕೆ ಆ ಮಾತನ್ನು ಯಾರೂ ಹೇಳಿರಲಿಲ್ಲ. ಅಭ್ಯಾಸಬಲದಿಂದ ನಾನು ಒಮ್ಮೆ ಹಿಂದೆ ತಿರುಗಿ ನೋಡಿದೆ, ಅವ್ವ ಎಲ್ಲಾದರೂ ಇದ್ದಾಳಾ ಎಂದು. ಎಡ ಹೆಗಲಿಗೆ ಆನಿಸಿದೆ, ಎಡ ಕೆನ್ನೆ ಒರಗಿಸಿದೆ, ಎಡ ತೋರುಬೆರಳಿನಿಂದ ಕುದುರೆ, ಅಂದರೆ ಟ್ರಿಗರು, ಎಳೆದೆ. ಹಾಳೆಯ ನಟ್ಟನಡುವಿನ ಕಪ್ಪಿನಲ್ಲಿ ಒಂದು ತೂತು ಬಿತ್ತು. ನನಗೆ ಅಳು ಬಂತು. ಹೊಗೆ, ಎಂದೆ ಮಕ್ಕಳಿಗೆ. ಅದು ಗಾಳಿ ಒತ್ತಿ ಹೊಡೆಯುವ ಬಂದೂಕು, ಅದರಲ್ಲಿ ಹೊಗೆ ಬರುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಅಲ್ಲಿಂದ ಭಾನುವಾರಗಳು ಕ್ಲಬ್ಬಿನ ಪಾಲಾದವು. ಗಾಳಿ ಬಂದೂಕಿನಿಂದ ಪಾಯಿಂಟ್ ಟೂ ಟೂ ರೈಫಲ್ಲಿಗೆ ಬಂದೆ. ಅದರ ತೋಟಾ ಕಿರುಬೆರಳಿನ ತುದಿಯಷ್ಟು. ಹಿಂಭಾಗದ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುತ್ತದೆ, ಅದಕ್ಕೇ ರಿಮ್‌ಫೈರ್ ಎನ್ನುವುದಂತೆ. ಸದ್ದು ಸಾಸಿವೆ ಒಗ್ಗರಣೆಗಿಂತ ಹೆಚ್ಚು, ದೀಪಾವಳಿಗಿಂತ ಕಡಿಮೆ. ಅದನ್ನು ಹೊಡೆಯುವವರು ತಪಸ್ಸಿಗೆ ಕೂತವರಂತೆ ಉಸಿರು ಹಿಡಿದಿರುತ್ತಾರೆ. ಕ್ಲಬ್ಬಿನಲ್ಲಿದ್ದ ರೈಫಲ್ಲುಗಳೆಲ್ಲ ಬಲಗೈಯವರವು. ಪರೀಕ್ಷಾ ಹಾಲಿನಲ್ಲಿ ಬಲಗಡೆ ಮಾತ್ರ ಹಲಗೆ ಇರುವ ಕುರ್ಚಿಗಳು ಇರುತ್ತವಲ್ಲ, ಎಡಚ ಮಕ್ಕಳು ಮೈ ತಿರುಚಿಕೊಂಡು ಬರೆಯುತ್ತಾರಲ್ಲ, ನನ್ನ ಅವಸ್ಥೆ ಹಾಗಿತ್ತು. ಕೆನ್ನೆ ಒರಗಿಸಬೇಕಾದ ಮರದ ದಿಂಬು ಆಚೆ ಮಗ್ಗುಲಿಗೆ. ಪ್ರತಿ ಗುಂಡಿಗೂ ಕೈಯನ್ನು ತಲೆಯ ಆ ಕಡೆಗೆ ಹಾಯಿಸಿ ಗುಂಡು ತುಂಬುವ ಬೋಲ್ಟು ಎಳೆಯಬೇಕು. ನಿಮಗೆ ಸರಿಹೊಂದುವಂತೆ ಒಂದು ಮಾಡಿಸಿಕೊಳ್ಳದೆ ಮುಂದಕ್ಕೆ ಹೋಗಲಾಗುವುದಿಲ್ಲ ಮೇಡಂ ಎಂದರು ಸುಬೇದಾರ್ ಸಾರ್.

ಈ ಭೂಮಿಯ ಮೇಲೆ ನನ್ನ ಎಡಗೈಗೆಂದೇ ಮಾಡಿದ ಒಂದು ವಸ್ತು. ಆಸೆ ಹುಟ್ಟಿದ್ದು ಗುರಿಯ ಮೇಲಲ್ಲ, ಅದರ ಮೇಲೆ. ಕತ್ತರಿ, ಈಳಿಗೆ, ಕುರ್ಚಿ, ಟಿಕೆಟು ತೋರಿಸುವ ಮೆಟ್ರೋ ಗೇಟು ಎಲ್ಲವೂ ಬಲಗೈಯವರದ್ದು. ನನ್ನದೂ ಒಂದು ಇರಲಿ ಅನ್ನಿಸಿತು. ಸ್ಟಾಫ್ ರೂಮಿನ ಚೀಟಿಯಲ್ಲಿ ವರ್ಷಗಟ್ಟಲೆ ಕೂಡಿಟ್ಟದ್ದು ಇತ್ತು. ಅದರ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ, ಇನ್ನೊಮ್ಮೆ ಅಷ್ಟು ಕೂಡಿಡುವ ಸರ್ವಿಸ್ಸೂ ಉಳಿದಿರಲಿಲ್ಲ.

ಲೈಸೆನ್ಸಿಗೆ ಅರ್ಜಿ ಹಾಕಿದೆ. ಆ ಕಥೆಗೇ ಇನ್ನೊಂದು ಪ್ರಬಂಧ ಬೇಕು, ಬರೆಯುವುದಿಲ್ಲ ಬಿಡಿ. ವಿಚಾರಣೆಗೆ ಮನೆಗೆ ಬಂದ ಪೊಲೀಸಪ್ಪನ ಪ್ರಸಂಗ ಒಂದನ್ನು ಮಾತ್ರ ಹೇಳುತ್ತೇನೆ. ನಾನು ಕಾಫಿ ತರಲು ಒಳಗೆ ಹೋಗಿದ್ದೆ. ಅವರು ಅವ್ವನ ಹತ್ತಿರ ಮೆಲ್ಲಗೆ, ನಿಮ್ಮ ಮಗಳಿಗೆ ಯಾರ ಮೇಲಾದರೂ ದ್ವೇಷ ಇದೆಯಾ ಅಜ್ಜಿ ಎಂದು ಕೇಳಿದರು. ಅವ್ವ ಸ್ವಲ್ಪ ಹೊತ್ತು ಯೋಚಿಸಿ, "ಅಳಿಯನ ಮ್ಯಾಲೆ ಇದ್ರೆ ಇರಬೋದಪ್ಪ, ಕೇಳಿ ಹೇಳ್ತೀನಿ" ಎಂದಳು. ಪೊಲೀಸಪ್ಪ ಪೆನ್ನು ಕೆಳಗಿಟ್ಟರು. ಅದನ್ನು ಮತ್ತೆ ಎತ್ತಿಸಲು ನಮ್ಮ ಮನೆಯವರೇ ಅಂಗಡಿಯಿಂದ ಓಡಿಬಂದು, ನನ್ನನ್ನು ಕಂಡರೆ ಇವಳಿಗೆ ಬಹಳ ಪ್ರೀತಿ ಎಂದು ಹೇಳಿಕೆ ಕೊಡಬೇಕಾಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ, ಅದೂ ಸರ್ಕಾರದ ಮುಂದೆ.

ಇನ್ನು ಖರ್ಚಿಗೆ ಬರೋಣ. ನಮ್ಮ ಮನೆಯವರು ದುಡ್ಡನ್ನು ದುಡ್ಡಿನಲ್ಲಿ ಎಣಿಸುವುದಿಲ್ಲ, ಕಮೋಡಿನಲ್ಲಿ ಎಣಿಸುತ್ತಾರೆ. ಮಗಳ ಮದುವೆಯ ಛತ್ರಕ್ಕೆ ಇಷ್ಟು ಕಮೋಡು, ಮಂಡಿನೋವಿನ ಸ್ಕ್ಯಾನಿಂಗಿಗೆ ಒಂದೂವರೆ ಕಮೋಡು. ಅದರಂತೆ ರೈಫಲ್ಲಿನ ಲೆಕ್ಕವೂ ನಡೆಯಿತು. ಹೊರದೇಶದಿಂದ ಬರುವ ನಳಿಗೆ ಮತ್ತು ಬೋಲ್ಟಿನ ಭಾಗಕ್ಕೆ ಒಂದು ಲೋಡು. ಸುಂಕಕ್ಕೆ ಅರ್ಧ ಲೋಡು. ಕೂದಲೆಳೆಯಷ್ಟು ಒತ್ತಿದರೂ ಸಾಕು ಎನ್ನುವ ಕುದುರೆಗೆ ಬೇರೆ, ಮುಂದಿನ ಹಿಂದಿನ ಗುರಿಕಣ್ಣುಗಳಿಗೆ ಬೇರೆ. ಕೊನೆಗೆ ಹೆಗಲಿಗೂ ಕೆನ್ನೆಗೂ ಒರಗುವ ಮರದ ಭಾಗ, ಸ್ಟಾಕು. ಅದನ್ನು ಪುಣೆಯ ಕಡೆಯ ಒಬ್ಬರು ಹಿಡಿಯುವವರ ಮೈಗೆ ಸರಿಯಾಗಿ ಕೆತ್ತಿಕೊಡುತ್ತಾರೆ. ಎಲ್ಲ ಕಡೆಯೂ ಒಂದೇ ರಾಗ: ಎಡಗೈಗಾ, ಹಾಗಾದರೆ ಸ್ವಲ್ಪ ಜಾಸ್ತಿಯಾಗುತ್ತೆ, ಸ್ವಲ್ಪ ತಡ ಆಗುತ್ತೆ. ಅವ್ವ ಏಟು ಕೊಟ್ಟದ್ದು ನನ್ನ ಒಳ್ಳೆಯದಕ್ಕೇ ಇರಬೇಕು, ಖರ್ಚು ಉಳಿಸಲು, ಎಂದು ಆಗ ಅನ್ನಿಸಿದ್ದುಂಟು.

ಒಟ್ಟು ಎಷ್ಟಾಯಿತು ಎಂದು ನಮ್ಮ ಮನೆಯವರು ಕೂಡಿಸಿ, ಇಷ್ಟರಲ್ಲಿ ಒಂದು ಅಪಾರ್ಟ್‌ಮೆಂಟಿಗೇ ಕಮೋಡು ಕೂರಿಸಬಹುದಿತ್ತು ಎಂದರು. ಅವ್ವನಿಗೆ ನಾನು ತವರಿನ ದರದಲ್ಲಿ ಒಂದು ಸೈಕಲ್ಲಿನ ಬೆಲೆ ಹೇಳಿದೆ. ತುಟ್ಟಿ ಆತು, ಎಂದಳು.

ಪುಣೆಯವರು ಅಳತೆಗೆ ಫೋಟೋ ಕೇಳಿದರು. ರೈಫಲ್ಲಿನ ಉದ್ದದ ಏನಾದರೂ ಹಿಡಿದು ನಿಂತು ನಾಲ್ಕೂ ಕಡೆಯಿಂದ ತೆಗೆದು ಕಳಿಸಿ, ಹಿಂದೆ ಇಂಚುಪಟ್ಟಿ ಇರಲಿ ಎಂದರು. ಆಗ ಹುಟ್ಟಿದ್ದೇ ಈ ಪೈಪು. ನಮ್ಮ ಮನೆಯವರು ಉತ್ಸಾಹದಿಂದ ಎಲ್ಬೋ ಹಾಕಿ ಹಿಡಿ ಮಾಡಿದರು, ಟೀ ಹಾಕಿ ನಲ್ಲಿಯನ್ನೇ ಕುದುರೆ ಮಾಡಿದರು. ಭಾನುವಾರ ಬೆಳಗ್ಗೆ ರಾಹುಕಾಲಕ್ಕೆ ಇನ್ನೂ ಬಹಳ ಹೊತ್ತಿರುವಾಗ ತಾರಸಿ ಹತ್ತಿದೆವು. ಅವ್ವ ಸಂಡಿಗೆ ಹರವಿಕೊಂಡು ಅಲ್ಲೇ ಕುರ್ಚಿಯಲ್ಲಿ ಕೂತಿದ್ದಳು, ಪಕ್ಕದಲ್ಲಿ ಕಾಗೆ ಓಡಿಸುವ ಹರಳುಕಲ್ಲುಗಳ ಗುಡ್ಡೆ. ಅವ್ವನ ಹರಳಿನ ವಿಷಯ ನಮ್ಮ ಬೀದಿಗೆಲ್ಲ ಗೊತ್ತು. ಎದುರು ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತ ಕಾಗೆಯೂ ಅವಳು ಕೈ ಎತ್ತಿದರೆ ರಾಜಾಜಿನಗರದವರೆಗೆ ಹೋಗಿ ಕೂರುತ್ತದೆ.

ಪೈಪು ನೋಡಿ ಅವ್ವ ಎದ್ದು ಕೆಳಗೆ ಹೋದಳು. ವಿಭೂತಿ, ಕುಂಕುಮ, ಒಂದು ಮೊಳ ಮಲ್ಲಿಗೆ ಹಿಡಿದು ಮೇಲೆ ಬಂದಳು. ಪೈಪಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು, ನನಗೆ ಹೂ ಮುಡಿಸಿದಳು. ನಾನು ಎಡಗೈ ಚಾಚಿದೆ. ಅವ್ವ ಪೈಪನ್ನು ಹಿಂದಕ್ಕೆ ಎಳೆದುಕೊಂಡಳು.

"ಬಲಗೈಲಿ ತಗಾ ಗಿರ್ಜಾ. ಮೊದ್ಲ ಸಲ ಹಿಡಿಯಾದು ಎಡಗೈ ಬ್ಯಾಡ. ಆಮ್ಯಾಲೆ ಹೆಂಗಾದ್ರೂ ಹಿಡ್ಕ."

ಮುಹೂರ್ತಕ್ಕೆ ತಾನೆ ಎಂದು ನಾನು ಬಲಗೈಯಲ್ಲಿ ತೆಗೆದುಕೊಂಡು ಬಲ ಹೆಗಲಿಗೇ ಆನಿಸಿ ನಿಂತೆ. ನಮ್ಮ ಮನೆಯವರು ನಾಲ್ಕೂ ಕಡೆಯಿಂದ ಫೋಟೋ ಹೊಡೆದರು. ಆಮೇಲೆ ಎಡಕ್ಕೆ ಬದಲಿಸಿಕೊಂಡೆ, ಮತ್ತೆ ನಾಲ್ಕು. ಅಷ್ಟರಲ್ಲಿ ಬಿಸಿಲು ಏರಿತ್ತು, ಮುಖ ಗಂಟಾಗಿತ್ತು, ಹೂ ಜಾರಿತ್ತು. ಸಂಜೆ ಅಂಗಡಿಯಲ್ಲಿ ಕೂತು ನಮ್ಮ ಮನೆಯವರು ಪುಣೆಗೆ ಫೋಟೋ ಕಳಿಸಿದರು. ಹೆಂಡತಿ ಚೆನ್ನಾಗಿ ಕಾಣುವ ನಾಲ್ಕನ್ನು ಆರಿಸಿ ಕಳಿಸಿದರು. ಇದು ಆವತ್ತು ನನಗೆ ಗೊತ್ತಿರಲಿಲ್ಲ.

ತಿಂಗಳುಗಳು ಕಳೆದವು. ನಳಿಗೆ ಬಂತು, ಸ್ಟಾಕು ಬಂತು, ನಗರದ ಡೀಲರು ಎರಡನ್ನೂ ಜೋಡಿಸಿ ಫೋನು ಮಾಡಿದರು. ನವರಾತ್ರಿ ನಡೆಯುತ್ತಿತ್ತು. ಆಯುಧಪೂಜೆಗೆ ಎರಡು ದಿನ ಇರುವಾಗ ತರಲು ಹೋದೆ. ಪೂಜೆಗೆ ಮುಂಚೆ ತೆರೆದು ನೋಡುವುದೂ ಮೈಗೆ ಆನಿಸುವುದೂ ಬೇಡ ಎಂದು ಅವ್ವನ ಕಟ್ಟಪ್ಪಣೆ. ಡೀಲರು ಲೈಸೆನ್ಸಿನೊಂದಿಗೆ ತಾಳೆ ನೋಡಲು ಬಟ್ಟೆ ಸರಿಸಿ ನಂಬರು ಮಾತ್ರ ತೋರಿಸಿದರು, ನಾನೂ ಅಷ್ಟನ್ನೇ ನೋಡಿ ಸಹಿ ಹಾಕಿ ಪೆಟ್ಟಿಗೆಗೆ ಬೀಗ ಹಾಕಿಸಿದೆ. ಮದುಮಗಳು ಗಂಡನ ಮುಖ ನೋಡದಿದ್ದ ಕಾಲದವರ ಹಾಗೆ ಎರಡು ದಿನ ಪೆಟ್ಟಿಗೆಯ ಸುತ್ತ ಸುಳಿದಾಡಿದೆ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಪೂಜೆ ಆಗದ ಕಬ್ಬಿಣ ಇರುವುದಿಲ್ಲ. ಅಂಗಡಿಯ ಡ್ರಿಲ್ಲು, ಪೈಪು ಕತ್ತರಿಸುವ ಗರಗಸ, ಸ್ಕೂಟರು, ಈಳಿಗೆ, ನನ್ನ ಜಾಮಿಟ್ರಿ ಕಂಪಾಸು ಎಲ್ಲ ಸಾಲಾಗಿ ಕೂತವು. ನಡುವೆ ರೈಫಲ್ಲು. ಅವ್ವ ಅದಕ್ಕೆ ವಿಭೂತಿ ಎಳೆದು, ನಳಿಗೆಯ ಬಾಯಿಗೆ ಒಂದು ಸೇವಂತಿಗೆ ಸಿಕ್ಕಿಸಿದಳು. ಸುಬೇದಾರ್ ಸಾರ್ ನೋಡಿದ್ದರೆ ಅಲ್ಲೇ ಎದೆ ಹಿಡಿದುಕೊಳ್ಳುತ್ತಿದ್ದರು. ಮಂಗಳಾರತಿ ಆಯಿತು, ಬೂದುಗುಂಬಳ ಒಡೆಯಿತು. ಹೂ ತೆಗೆದು ನಾನು ಎತ್ತಿಕೊಂಡೆ. ಎಡ ಹೆಗಲಿಗೆ ಆನಿಸಿದೆ. ಕೆನ್ನೆಗೆ ದಿಂಬು ಸಿಗಲಿಲ್ಲ. ಹುಡುಕಿದೆ. ದಿಂಬು ಆಚೆ ಮಗ್ಗುಲಿಗಿತ್ತು. ಬಲಗೈಯವರ ಸ್ಟಾಕು.

ಮೊದಲು ನಾನು ನಂಬಲಿಲ್ಲ. ತಿರುಗಿಸಿ ನೋಡಿದೆ. ಬೋಲ್ಟು ಎಡಕ್ಕೇ ಇತ್ತು, ಹೇಳಿದ ಹಾಗೆ. ಮರ ಮಾತ್ರ ಬಲದ್ದು. ಅರ್ಧ ಒಂದು, ಅರ್ಧ ಇನ್ನೊಂದು, ನಮ್ಮ ದೇವರಮನೆಯ ಪಟದ ಅರ್ಧನಾರೀಶ್ವರನಂತೆ. ಪುಣೆಗೆ ಫೋನು ಹಚ್ಚಿದರೆ ಅವರು ಬಹಳ ಗೌರವದಿಂದ ಮಾತಾಡಿದರು. ನಾವು ಎಡ ಎಂದದ್ದು ಬೋಲ್ಟಿಗೆ ಮಾತ್ರ ಅಂದುಕೊಂಡರಂತೆ, ಬಲಗೈಯವರೂ ಎಡಬೋಲ್ಟು ಕೇಳುವುದುಂಟಂತೆ, ಕುದುರೆಯ ಮೇಲಿನ ಕೈ ತೆಗೆಯದೆ ಬೋಲ್ಟು ಎಳೆಯಬಹುದಂತೆ, ದೊಡ್ಡ ದೊಡ್ಡ ಶೂಟರುಗಳು ಮಾತ್ರ ಹಾಗೆ ಮಾಡಿಸುತ್ತಾರಂತೆ. ಫೋಟೋದಲ್ಲಿ ನೀವು ಬಲ ಹೆಗಲಿಗೆ ಆನಿಸಿದ್ದು ನೋಡಿ ಮೇಡಂ ಬಹಳ ಅನುಭವಸ್ಥರು ಅಂದುಕೊಂಡೆ ಎಂದರು. ಪೈಪು ಹಿಡಿದು ಮಲ್ಲಿಗೆ ಮುಡಿದು ನಿಂತ ಫೋಟೋ ನೋಡಿ!

ನಾನು ಫೋನು ಇಟ್ಟೆ. ನಮ್ಮ ಮನೆಯವರು ತಮ್ಮ ಫೋನಿನಲ್ಲಿ ಆ ನಾಲ್ಕು ಫೋಟೋ ತೆಗೆದು ನೋಡಿದರು, ನನ್ನ ಕಡೆ ನೋಡಿದರು, ಹೊರಗೆ ಹೋಗಿ ಸ್ಕೂಟರಿನ ಚಕ್ರದ ಕೆಳಗಿನ ನಿಂಬೆಹಣ್ಣನ್ನು ಸರಿಮಾಡುತ್ತಾ ನಿಂತರು. ನಾನು ಕೋಣೆಗೆ ಹೋಗಿ ಅತ್ತೆ. ಈ ಸಲ ಹೊಗೆ ಎಂದು ಹೇಳಲಿಲ್ಲ. ಚೀಟಿಯ ದುಡ್ಡು ಹೋಗಿದ್ದಕ್ಕಿಂತ, ನನ್ನ ಎಡಗೈಗೆಂದು ಮಾಡಿಸಿದ ಒಂದೇ ಒಂದು ವಸ್ತುವೂ ಬಲಗೈಯದ್ದಾಗಿ ಬಂತಲ್ಲ ಎಂದು ಅತ್ತೆ. ಅವ್ವ ಬಾಗಿಲವರೆಗೆ ಬಂದಳು, ನಿಂತಳು, ಹೋದಳು. ಆ ದಿನದ ಹೋಳಿಗೆ ಮರುದಿನವೂ ಹಾಗೇ ಉಳಿಯಿತು.

ಪುಣೆಯವರು ಒಳ್ಳೆಯವರು. ಆ ಸ್ಟಾಕನ್ನು ವಾಪಸು ತೆಗೆದುಕೊಂಡು ಬೇರೆ ಮಾಡಿಕೊಡುತ್ತೇನೆ, ಹಳೆಯದಕ್ಕೆ ಅರ್ಧ ಬೆಲೆ ಹಿಡಿಯುತ್ತೇನೆ ಎಂದರು. ಹಳೆ ಬಂಗಾರ ಕೊಟ್ಟು ಹೊಸದು ತಂದ ಹಾಗೆ, ವೇಸ್ಟೇಜು ನಮ್ಮ ತಲೆಗೆ, ಕೂಲಿ ನಮ್ಮ ತಲೆಗೆ. ಉಳಿದದ್ದನ್ನು ನಾನು ಕೊಡ್ತೀನಿ ಎಂದರು ನಮ್ಮ ಮನೆಯವರು. ಎಷ್ಟು ಕಮೋಡು ಎಂದು ಹೇಳಲಿಲ್ಲ. ಅವರ ಬಾಯಲ್ಲಿ ಲೆಕ್ಕ ನಿಂತದ್ದನ್ನು ಕಂಡು ನನಗೇ ಪಾಪ ಅನ್ನಿಸಿತು.

ಹೀಗೆ ಇನ್ನೊಂದು ಭಾನುವಾರ ಅದೇ ಪೈಪು ಹಿಡಿದು ಅದೇ ತಾರಸಿಗೆ ಹತ್ತಿದೆವು. ಅವ್ವ ಅದೇ ಕುರ್ಚಿಯಲ್ಲಿ ಸಂಡಿಗೆ ಕಾಯುತ್ತಿದ್ದಳು. ವಿಭೂತಿ ತರಲಿಲ್ಲ, ಹೂ ತರಲಿಲ್ಲ, ನಮ್ಮ ಕಡೆ ತಿರುಗಲೂ ಇಲ್ಲ. ನಾನು ಎಡ ಹೆಗಲಿಗೆ ಆನಿಸಿಕೊಂಡೆ. ಮೊಣಕೈ ಇಳಿಸು, ತಲೆ ಎತ್ತು ಎಂದು ನಮ್ಮ ಮನೆಯವರು ಹೇಳುತ್ತಿದ್ದರು. ಅಷ್ಟರಲ್ಲಿ ಕಾಗೆಯೊಂದು ಬಂದು ಸಂಡಿಗೆ ಹರವಿದ ಸೀರೆಯ ಅಂಚಿಗೆ ಕೂತಿತು. ಅವ್ವ ಹರಳು ತೆಗೆದು ಬೀಸಿದಳು. ಕಾಗೆ ಹಾರಿತು. ನಮ್ಮ ಮನೆಯವರು ಫೋನು ಹಿಡಿದ ಕೈ ಹಾಗೇ ಇಳಿಸಿ, "ಅತ್ತೆ, ನೀವು ಎಡಗೈಲಿ ಹೊಡೆದ್ರಿ" ಎಂದರು.

ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೇವೆ. ಆ ಕೈ ದಿನಾ ಎದ್ದಿದೆ, ದಿನಾ ಬೀಸಿದೆ. ನಾವೆಲ್ಲ ಕಾಗೆಯನ್ನೇ ನೋಡುತ್ತಿದ್ದೆವು.

ಅವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಸಿಕ್ಕಿಬಿದ್ದ ಮುಖ. ಆ ಮುಖ ನನಗೆ ಚೆನ್ನಾಗಿ ಗೊತ್ತು, ಬೋರ್ಡ್ ಒರೆಸುವಾಗ ಮುಂದಿನ ಬೆಂಚಿನ ಮಗು ತಲೆ ಎತ್ತಿದರೆ ನನ್ನದೂ ಹಾಗೇ ಆಗುತ್ತಿತ್ತು.

"ನಮ್ಮವ್ವ ನನಗೂ ಬಡೀತಿದ್ಲು," ಎಂದಳು. "ಉಣ್ಣಾಕೆ ಬ್ಯಾಡ, ಬಡ್ಸಾಕೆ ಬ್ಯಾಡ, ಕೊಡಾಕೆ ಬ್ಯಾಡ. ಕಾಗಿ ಓಡ್ಸಾಕೆ ಯಾವ ಕೈ ಆದ್ರೇನು ಅಂತ ಅದೊಂದು ಬಿಟ್ಟಿದ್ಲು."

ಹಾಗಾದರೆ ನನಗೆ ಯಾಕೆ ಹೊಡೆದೆ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ತನಗೆ ಬಿದ್ದ ಏಟು ಮಗಳಿಗೆ ಬೇರೆ ಮನೆಯವರ ಕೈಯಿಂದ ಬೀಳದಿರಲಿ ಎಂದು ಮುಂಚಿತವಾಗಿ ತಾನೇ ಹೊಡೆದಿರಬೇಕು. ನಮ್ಮಲ್ಲಿ ಪ್ರೀತಿಯ ಅರ್ಧ ಭಾಗ ಹೀಗೇ ಖರ್ಚಾಗುತ್ತದೆ. ಅವ್ವ ಕುರ್ಚಿಯಿಂದ ಎದ್ದು ಬಂದಳು. ನನ್ನ ಎಡ ಮೊಣಕೈಯನ್ನು ಹಿಡಿದು ಎರಡು ಬೆರಳು ಕೆಳಗೆ ಇಳಿಸಿದಳು. ಹಂಗಿರ್ಲಿ, ಅಳ್ಳಾಡಬ್ಯಾಡ, ಎಂದು ಅಳಿಯನಿಗೆ ಫೋಟೋ ತೆಗೆಯಲು ಸನ್ನೆ ಮಾಡಿದಳು. ಈ ಸಲ ಪುಣೆಗೆ ಹೋದ ಫೋಟೋಗಳಲ್ಲಿ ನಾನು ಚೆನ್ನಾಗಿ ಕಂಡದ್ದು ಒಂದೂ ಇಲ್ಲ.

ಸ್ಟಾಕು ಬಂದು ಈಗ ವರ್ಷವಾಗುತ್ತಾ ಬಂತು. ಕೆನ್ನೆ ಇಟ್ಟರೆ ಅಲ್ಲೇ ದಿಂಬು, ಕೈ ಇಟ್ಟರೆ ಅಲ್ಲೇ ಬೋಲ್ಟು. ಅಂಕ ಎಷ್ಟು ಬರುತ್ತದೆ ಎಂದು ಕೇಳಬೇಡಿ. ಸುಬೇದಾರ್ ಸಾರ್, ರೈಫಲ್ಲಿನ ತಪ್ಪು ಎನ್ನುವ ಹಾಗೂ ಇಲ್ಲ ಈಗ ಮೇಡಂ, ಎನ್ನುತ್ತಾರೆ. ಅದೊಂದು ಸೌಕರ್ಯವನ್ನು ನಾನು ಇಷ್ಟು ದುಡ್ಡು ಕೊಟ್ಟು ಕಳೆದುಕೊಂಡೆ.

ಮೊನ್ನೆ ಶಾಲೆಯಿಂದ ಬಂದು ಬಟ್ಟೆ ತರಲು ತಾರಸಿಗೆ ಹೋದೆ. ಹಗ್ಗ ಜೋತುಬಿದ್ದು ನಮ್ಮ ಮನೆಯವರ ಪಂಚೆ ನೆಲ ಗುಡಿಸುತ್ತಿತ್ತು. ನಡುವಿನ ಪೈಪು ಇರಲಿಲ್ಲ. ಅವ್ವ ಕುರ್ಚಿಯಲ್ಲಿ ಕೂತು ಪೈಪನ್ನು ಎಡ ಹೆಗಲಿಗೆ ಆನಿಸಿಕೊಂಡು, ಎಡ ಕೆನ್ನೆ ಒರಗಿಸಿ, ಎದುರು ಮನೆಯ ಟ್ಯಾಂಕಿನ ಮೇಲಿನ ಕಾಗೆಯನ್ನು ನೋಡುತ್ತಿದ್ದಳು. ಬೆರಳು ನಲ್ಲಿಯ ಮೇಲಿತ್ತು. ಮೊಣಕೈ ಎರಡು ಬೆರಳು ಕೆಳಗೆ, ಸರಿಯಾಗಿ. ನಾನು ಬಂದದ್ದು ಗೊತ್ತಾದರೂ ಅವಳು ಕೈ ಒಳಗೆ ಎಳೆದುಕೊಳ್ಳಲಿಲ್ಲ.

"ಇಂಥಾದ್ದು ಮಾಡ್ಸಾಕೆ ಖರೇನೇ ಎಷ್ಟಾತು?" ಎಂದಳು.

ಎಂದಿನಂತೆ ತವರಿನ ದರ ಹೇಳಲು ಬಾಯಿ ತೆರೆದೆ. ಆಮೇಲೆ ಏನನ್ನಿಸಿತೋ, ನಿಜವಾದ ಬೆಲೆ ಹೇಳಿಬಿಟ್ಟೆ. ನಳಿಗೆ, ಸುಂಕ, ಎರಡು ಸ್ಟಾಕು, ಎಡಗೈ ಅಂತ ಎಲ್ಲರೂ 'ಸ್ವಲ್ಪ ಜಾಸ್ತಿ' ತೆಗೆದುಕೊಂಡದ್ದು, ಎಲ್ಲವನ್ನೂ ಸೇರಿಸಿ ರೂಪಾಯಿಯಲ್ಲೇ ಹೇಳಿದೆ. ಅವ್ವ ಕಾಗೆಯ ಮೇಲಿನ ಕಣ್ಣು ಕದಲಿಸಲಿಲ್ಲ. ಕಾಗೆಯೂ ಅಲುಗಲಿಲ್ಲ.

"ಅಂಥಾ ತುಟ್ಟಿ ಏನಲ್ಲ ಬಿಡು," ಎಂದಳು ಪೈಪು ಇಳಿಸದೆ.